ಹನ್ನೊಂದರ ಕೆಮ್ಮು

ನಾನು ಜಾಜಿಯ ಹಾಳೆ. ನಮ್ಮೂರಿನಲ್ಲಿ ಇಷ್ಟು ಹೇಳಿದರೆ ಸಾಕು, ಮುಂದೆ ಯಾರೂ ಏನೂ ಕೇಳುವುದಿಲ್ಲ. ಸೇತುವೆ ದಾಟಿ ಈಚೆ ಬಂದ ಮೇಲೆ ಯಾವುದರ ಮೇಲೂ ಅಕ್ಷರವಾಗಲಿ ಚಿತ್ರವಾಗಲಿ ನಿಲ್ಲುವುದಿಲ್ಲವಾದ್ದರಿಂದ, ಲಾರಿಯಲ್ಲಿ ಬರುವ ಪೀಪಾಯಿಗಳೆಲ್ಲ ಗೋದಾಮು ತಲುಪುವ ಹೊತ್ತಿಗೆ ಬೋಳಾಗಿರುತ್ತವೆ. ಆಚೆ ದಡದಲ್ಲಿ ಅವುಗಳ ಮೈಮೇಲೆ ಕೆಂಪಂಚಿನ ಚೌಕಗಳು, ಅವುಗಳೊಳಗೆ ಬೆಂಕಿ, ತಲೆಬುರುಡೆ, ಎದೆ ಬಿರಿದ ಮನುಷ್ಯ, ಸತ್ತ ಮೀನು ಎಲ್ಲ ಇರುತ್ತವಂತೆ. ಚಾಲಕರು ಹೇಳುತ್ತಾರೆ, ನಾವು ಕಂಡಿಲ್ಲ. ಚಾಲಕ ಒಂದೊಂದು ಪೀಪಾಯಿಯನ್ನೂ ತಟ್ಟಿ ಹೆಸರು ಹೇಳಿ ಒಪ್ಪಿಸಿ ಹೋಗುತ್ತಾನೆ. ಅದರ ಸ್ವಭಾವ ಎಂಥದು, ಯಾವುದರ ಪಕ್ಕ ಇಡಬಾರದು, ಮೈಮೇಲೆ ಚೆಲ್ಲಿದರೆ ಏನು ಮಾಡಬೇಕು ಎಂಬುದನ್ನೆಲ್ಲ ಬಾಯಿಪಾಠ ಮಾಡಿಟ್ಟುಕೊಂಡು, ಮುಚ್ಚಳ ತೆಗೆಯುವ ಮೊದಲು ಎಲ್ಲರೆದುರು ಹೇಳುವುದು ಆಯಾ ಹಾಳೆಯ ಕೆಲಸ. ಬೇರೆ ಊರುಗಳಲ್ಲಿ ಕಾಗದ ಮಾಡುವುದನ್ನು ಇಲ್ಲಿ ಮನುಷ್ಯರು ಮಾಡುತ್ತೇವೆ. ಕಾಗದಕ್ಕೆ ಸಂಬಳ ಕೊಡಬೇಕಾಗಿಲ್ಲ ಅನ್ನುವುದೊಂದೇ ವ್ಯತ್ಯಾಸ.

ಹಾಳೆಯಾದವರು ತಮ್ಮ ಪದಾರ್ಥದ ಹಾಗೇ ಬದುಕಬೇಕು, ಆಗಲೇ ಮರೆಯುವುದಿಲ್ಲ ಎಂದು ಹಿರಿಯರ ನಂಬಿಕೆ. ನೀರು ಕಂಡರೆ ಸಿಡಿಯುವ ‘ಮುನಿಸು’ ಎಂಬುದರ ಹಾಳೆ ಬಸಲಿಂಗಪ್ಪನವರು ಬೇಸಿಗೆಯಲ್ಲೂ ಕೊಡೆ ಹಿಡಿದೇ ಓಡಾಡುತ್ತಾರೆ. ಸ್ನಾನದ ವಿಷಯ ಅವರ ಹೆಂಡತಿಯನ್ನೇ ಕೇಳಬೇಕು. ಬೆಂಕಿ ಹತ್ತುವ ಗುಂಪಿನ ಹಾಳೆಯಾದ ಹೆಂಗಸರು ಒಲೆಯ ಮುಂದೆ ಕೂರುವುದಿಲ್ಲ. ಹಾಗಾಗಿ ಆ ಮನೆಗಳಲ್ಲಿ ಗಂಡಸರು ಒಳ್ಳೆಯ ಸಾರು ಮಾಡುತ್ತಾರೆ. ಊಟದ ಪಂಕ್ತಿಯಲ್ಲಿ ಹುಳಿಯ ಗುಂಪಿಗೂ ಸುಣ್ಣದ ಗುಂಪಿಗೂ ನಡುವೆ ಒಂದು ಎಲೆ ಖಾಲಿ ಬಿಡುತ್ತೇವೆ. ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಮೊದಮೊದಲು ನಗುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ತಾವೇ ಎಲೆ ಸರಿಸಿ ಕೂರುತ್ತಾರೆ.

ನನ್ನ ಜಾಜಿ ನೋಡಲು ತಿಳಿನೀರು. ಮೂಸಿದರೆ ಸಣ್ಣಗೆ ಸಿಹಿ ವಾಸನೆ, ಅದಕ್ಕೇ ಆ ಹೆಸರು. ಗಟ್ಟಿಯಾದ ಬಣ್ಣವನ್ನು ಬೆಣ್ಣೆಯಷ್ಟು ಮೆದು ಮಾಡುತ್ತದೆ. ಮುಟ್ಟಿದರೆ ತಣ್ಣಗೆ, ಉರಿಯಿಲ್ಲ, ತುರಿಕೆಯಿಲ್ಲ. ಇಂಥ ಸಾಧು ಪ್ರಾಣಿಯ ಹಾಳೆಯಾದದ್ದು ನನ್ನ ಪುಣ್ಯ ಎಂದು ಬಸಲಿಂಗಪ್ಪನವರು ಎಷ್ಟೋ ಸಲ ಹೊಟ್ಟೆಕಿಚ್ಚಿನಿಂದ ಹೇಳಿದ್ದಾರೆ. ಖಾಲಿಯಾದ ಜಾಜಿಯ ಪೀಪಾಯಿಗಳನ್ನು ಗೋದಾಮಿನ ಹಿಂದಿನ ಅಂಗಳದಲ್ಲಿ ಹೆಂಗಸರು ತೊಳೆದು ಕೊಡುತ್ತಾರೆ. ನೆರಳಿನ ಕೆಲಸ, ಹಗುರ ಕೆಲಸ. ಗಂಡಸರು ಭಾರ ಎತ್ತುವ ಕಡೆ ಹೋಗುತ್ತಾರೆ, ಬಸುರಿಯರನ್ನೂ ಬಾಣಂತಿಯರನ್ನೂ ಜಾಜಿಯ ಅಂಗಳಕ್ಕೆ ಹಾಕುತ್ತಾರೆ. ಅದು ಮೇಸ್ತ್ರಿ ಹಾಲಪ್ಪನವರ ದೊಡ್ಡ ಮನಸ್ಸು ಎಂದು ಊರೆಲ್ಲ ಹೊಗಳುತ್ತಿತ್ತು, ನಾನೂ ಹೊಗಳಿದ್ದೇನೆ.

ನನ್ನ ತಂಗಿ ಚಂಪಾ ಆ ಅಂಗಳದಲ್ಲಿದ್ದಳು. ಅವಳಿಗೆ ಮೊದಲ ಬಸಿರು ನಿಲ್ಲಲಿಲ್ಲ. ಎರಡನೆಯದೂ ನಿಲ್ಲಲಿಲ್ಲ. ಈಗ ಮೂರನೆಯದು, ಇನ್ನೂ ಹೊಟ್ಟೆ ಕಾಣದಷ್ಟು ಎಳೆಯದು. ಈ ಸಲ ನಾವು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಆದರೆ ಅಟ್ಟದ ಮೇಲಿದ್ದ ತೊಟ್ಟಿಲನ್ನು ನಾನು ಇಳಿಸಿ, ಹುಣಸೆಹಣ್ಣು ಹಚ್ಚಿ ಅದರ ಹಿತ್ತಾಳೆಯ ಗುಬ್ಬಿಗಳನ್ನು ಉಜ್ಜಿಟ್ಟಿದ್ದೆ. ನನಗೂ ಮಕ್ಕಳಿಲ್ಲ. ನನಗೆ ಹಾಳೆ ಕಲಿಸಿದ ಚಿಕ್ಕತ್ತೆ ನೀಲವ್ವನಿಗೂ ಇಲ್ಲ, ಅವಳಿಗೆ ಕಲಿಸಿದವಳಿಗೂ ಇರಲಿಲ್ಲ. ಬೇರೆ ಹಾಳೆಗಳೆಲ್ಲ ತಾಯಿಯಿಂದ ಮಗಳಿಗೆ, ಅಪ್ಪನಿಂದ ಮಗನಿಗೆ ಇಳಿದರೆ, ಜಾಜಿ ಮಾತ್ರ ಸೋದರತ್ತೆಯಿಂದ ಸೋದರಸೊಸೆಗೆ ಇಳಿಯುತ್ತದೆ. ಅದು ಜಾಜಿಯ ಪದ್ಧತಿ ಎಂದು ಎಲ್ಲರೂ ಹೇಳುತ್ತಿದ್ದರು. ಪದ್ಧತಿ ಅಂದ ಮೇಲೆ ಯಾಕೆ ಎಂದು ಕೇಳುವ ಅಭ್ಯಾಸ ನಮ್ಮೂರಿಗಿಲ್ಲ.

ಹಾಳೆಗೆ ಹದಿನಾರು ಭಾಗ. ಪದಾರ್ಥವೇ ಮಾತಾಡುತ್ತಿರುವಂತೆ ಹೇಳಬೇಕು. ಒಂದನೆಯದರಲ್ಲಿ ನನ್ನ ಹೆಸರು, ನಾನು ಯಾವ ಕೆಲಸಕ್ಕೆ ಬರುತ್ತೇನೆ. ಐದರಲ್ಲಿ ನನಗೆ ಬೆಂಕಿ ಹತ್ತಿದರೆ ಹೇಗೆ ಆರಿಸಬೇಕು. ಎಂಟರಲ್ಲಿ ನನ್ನ ಬಳಿ ಬರುವಾಗ ಏನು ತೊಟ್ಟಿರಬೇಕು. ಹನ್ನೊಂದು ಬಂದಾಗ ಹೀಗೆ: ‘ನಾನು ಮೈಯೊಳಗೆ ಹೋದರೆ, ಬಹುಕಾಲ ನನ್ನ ಒಡನಾಟವಿದ್ದರೆ,’ ಎಂದು ತಲೆ ತಗ್ಗಿಸಿ, ಎದೆಯ ಮೇಲೆ ಕೈಯಿಟ್ಟು, ಒಂದು ಗಿಡ್ಡ ಕೆಮ್ಮು, ಒಂದು ಉದ್ದ ಕೆಮ್ಮು. ಆಮೇಲೆ ‘ಆದ್ದರಿಂದ ಎಚ್ಚರ’. ಈ ಕೆಮ್ಮನ್ನು ಕಲಿಸಲು ನೀಲವ್ವ ನನ್ನನ್ನು ಗೋಳು ಹುಯ್ದುಕೊಂಡಿದ್ದಳು. “ಅದೇನು ನಾಯಿ ಬೊಗಳಿದಂಗೆ ಕೆಮ್ತೀಯ? ಮರ್ಯಾದೆಯಿಂದ ಕೆಮ್ಮೆ! ಮೊದಲು ಗಿಡ್ಡಕೆ, ಆಮೇಲೆ ಎಳೀಬೇಕು,” ಎಂದು ಬೆನ್ನಿಗೆ ಗುದ್ದುತ್ತಿದ್ದಳು. ನಾನು ಕೆಮ್ಮಿದಾಗ ಎದುರಿಗೆ ನಿಂತ ಗಂಡಸರೂ ತಲೆ ತಗ್ಗಿಸಿ ಜೊತೆಗೆ ಕೆಮ್ಮುತ್ತಾರೆ. ಅದು ಹಾಳೆಗೆ ಕೊಡುವ ಗೌರವ. ಜಾಜಿ ಒಳಗೆ ಹೋದರೆ ಕೆಮ್ಮು ಬರುತ್ತದೆ ಎಂದು ಊರಿನ ಸಣ್ಣ ಮಕ್ಕಳಿಗೂ ಗೊತ್ತು. ಆದ್ದರಿಂದಲೇ ಅಂಗಳದ ಹೆಂಗಸರೆಲ್ಲ ಬಾಯಿಗೆ ಮೂಗಿಗೆ ಒದ್ದೆ ಬಟ್ಟೆ ಬಿಗಿದು ಕಟ್ಟುತ್ತಿದ್ದರು. ಎಂಟನೆಯ ಭಾಗದಲ್ಲಿ ಕೈಗವಸಿನ ಮಾತೂ ಇದೆ, ಗೋದಾಮಿನವರು ಕೊಟ್ಟೂ ಇದ್ದರು. ಹಾಕಿಕೊಂಡರೆ ಬೆರಳು ಬೆವೆಯುತ್ತವೆ, ಕೆಲಸ ಸಾಗುವುದಿಲ್ಲ ಎಂದು ಅವು ಗೋಡೆಯ ಮೊಳೆಗೆ ನೇತಾಡುತ್ತಿದ್ದವು. ಕೆಮ್ಮೇನು ಕೈಯಿಂದ ಬರುತ್ತದೆಯೇ?

ಈ ಸಲದ ತಾಳೆಗೆ ಕೆಳದಂಡೆಯ ಊರಿನಿಂದ ಬೋರಮ್ಮ ಎಂಬ ಮುದುಕಿ ಬಂದಳು. ತಾಳೆ ಎಂದರೆ ಒಂದೇ ಪದಾರ್ಥದ ಹಾಳೆಗಳು ಎದುರುಬದುರು ಕೂತು, ಒಂದೇ ಉಸಿರಿಗೆ ಒಟ್ಟಿಗೆ ಹೇಳಿ, ಎಲ್ಲಾದರೂ ಮಾತು ತಪ್ಪಿದೆಯೇ ಎಂದು ನೋಡುವುದು. ಆ ಊರೂ ನಮ್ಮ ಹಾಗೇ ಸೇತುವೆಯ ಈಚೆಗಿದೆ, ಅಲ್ಲೂ ಅಕ್ಷರ ನಿಲ್ಲುವುದಿಲ್ಲ. ಬೇರೆ ಹಾಳೆಗಳೆಲ್ಲ ಎಷ್ಟೋ ಸಲ ತಾಳೆ ನೋಡಿಕೊಂಡಿದ್ದವು. ಜಾಜಿಗೆ ಮಾತ್ರ ಜೋಡಿಯೇ ಇರಲಿಲ್ಲ. ಅವರೂರಿನಲ್ಲಿ ‘ತಂಪು’ ಎಂದು ಕರೆಯುವುದೂ ನಮ್ಮ ಜಾಜಿಯೂ ಒಂದೇ ತೊಟ್ಟಿಯಿಂದ ತುಂಬಿದ ಮಾಲು ಎಂದು ಹೊಸ ಚಾಲಕನೊಬ್ಬ ಮಾತಿಗೆ ಮಾತು ಬಂದು ಹೇಳಿದ ಮೇಲೆ, ಹಾಗಾದರೆ ಕರೆಸೋಣ ಎಂದು ಹಾಲಪ್ಪನವರು ಹೇಳಿ ಕಳಿಸಿದ್ದರು.

ಬೋರಮ್ಮನಿಗೆ ಹಲ್ಲಿಲ್ಲ, ಬಾಯಿ ಮಾತ್ರ ಭಾರೀ. ಗೋದಾಮಿನ ಮುಂದಿನ ತೂಕದ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಕುಟ್ಟಿದ ಎಲೆಅಡಿಕೆಯನ್ನು ದವಡೆಗೆ ಒತ್ತರಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀನೇನೇ ಹಾಳೆ? ಗಾಳಿ ಬೀಸಿದ್ರೆ ನಿಜವಾಗ್ಲೂ ಹಾಳೆ ಥರಾನೇ ಹಾರಿಹೋಗ್ತೀಯಲ್ಲೇ!” ಎಂದಳು. ನನಗೆ ಅವಳು ಕಂಡ ತಕ್ಷಣ ಇಷ್ಟವಾದಳು. ಸುತ್ತ ಲೋಡು ಹೊರುವ ಗಂಡಸರು, ಹಾಲಪ್ಪನವರು, ಕೊಡೆ ಹಿಡಿದ ಬಸಲಿಂಗಪ್ಪನವರು. ನನ್ನ ಹಿಂದೆ ನೀಲವ್ವ ಮಡಿ ಸೀರೆಯುಟ್ಟು, ಸೊಸೆಯ ಪರೀಕ್ಷೆ ನೋಡಲು ಬಂದವಳ ಹಾಗೆ ಬೀಗುತ್ತ ಕೂತಿದ್ದಳು. ಅಂಗಳದ ಹೆಂಗಸರಿಗೆ ಬಿಡುವಿರಲಿಲ್ಲ. ಗೋದಾಮಿನ ಹಿಂದಿನಿಂದ ಅವರು ಪೀಪಾಯಿ ಉರುಳಿಸುವ ಸದ್ದು ಕೇಳುತ್ತಿತ್ತು.

ಶುರು ಮಾಡಿದೆವು. ಎಷ್ಟು ಚೆನ್ನಾಗಿತ್ತು ಅಂದರೆ, ನನಗೆ ರೋಮಾಂಚನವಾಯಿತು. ಹೆಸರು ಬಿಟ್ಟರೆ ಮಿಕ್ಕಿದ್ದೆಲ್ಲ ಒಂದೇ ಮಾತು, ಒಂದೇ ನಿಲುಗಡೆ. ಹುಟ್ಟಿದಾರಭ್ಯ ಕಾಣದ ಒಬ್ಬ ಮುದುಕಿಯ ಬಾಯಿಂದ ನನ್ನ ಬಾಯಿಯದೇ ಮಾತು ಬರುತ್ತಿತ್ತು. ಒಂಬತ್ತು ಮುಗಿಯಿತು, ಹತ್ತು ಮುಗಿಯಿತು. ಹಾಲಪ್ಪನವರು ಮೆಚ್ಚಿಕೊಂಡು ತಲೆದೂಗುತ್ತಿದ್ದರು. “ನಾನು ಮೈಯೊಳಗೆ ಹೋದರೆ, ಬಹುಕಾಲ ನನ್ನ ಒಡನಾಟವಿದ್ದರೆ,” ಎಂದು ಇಬ್ಬರೂ ಹೇಳಿದೆವು. ನಾನು ಎದೆಗೆ ಕೈಯಿಟ್ಟು ಕೆಮ್ಮಿದೆ. ಗಂಡಸರೆಲ್ಲ ಕೆಮ್ಮಿದರು. ಬೋರಮ್ಮ ಕೆಮ್ಮಲಿಲ್ಲ.

ನಮ್ಮ ಕೆಮ್ಮು ನಿಂತ ಮೇಲೂ ಅವಳು ಒಬ್ಬಳೇ ಕಣ್ಣು ಮುಚ್ಚಿಕೊಂಡು ಹೇಳುತ್ತ ಹೋದಳು. “ಬಸಿರಿನೊಳಗಿನ ಕೂಸಿಗೆ ಕೇಡು ಮಾಡುತ್ತೇನೆ. ಬಸಿರು ನಿಲ್ಲಗೊಡುವುದಿಲ್ಲ. ಗಂಡಸಿನ ಬೀಜವನ್ನೂ ಬಡವು ಮಾಡುತ್ತೇನೆ. ಮೂಗಿನಿಂದ ಒಳಗೆ ಹೋಗುತ್ತೇನೆ, ಅದಕ್ಕಿಂತ ಹೆಚ್ಚಾಗಿ ಕೈಯ ಚರ್ಮದಿಂದ ಹೋಗುತ್ತೇನೆ. ಹೋಗುವಾಗ ನೋಯಿಸುವುದಿಲ್ಲ, ಆದ್ದರಿಂದ ನಾನು ಹೋದದ್ದು ನಿಮಗೆ ತಿಳಿಯುವುದಿಲ್ಲ.” ಆಮೇಲೆ ‘ಆದ್ದರಿಂದ ಎಚ್ಚರ’ ಎನ್ನಲು ನನ್ನ ದನಿ ಸೇರಬೇಕಿತ್ತು. ಸೇರಲಿಲ್ಲ. ಬೋರಮ್ಮ ಕಣ್ಣು ಬಿಟ್ಟಳು.

“ಏನವ್ವಾ, ಶೀತಾನಾ?” ಎಂದು ಕೇಳಿದಳು. ನಾನು ತಲೆಯಾಡಿಸಿದೆ. “ಇಲ್ಲಜ್ಜಿ. ಅದು ಹಾಳೇಲೇ ಇದೆ.” “ಏನಿದೆ?” “ಕೆಮ್ಮು.” ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು. ನಾನು ನಗದೆ ಕೂತದ್ದು ನೋಡಿ ಅವಳ ನಗು ನಿಂತುಹೋಯಿತು. ಆಮೇಲೆ ದನಿ ತಗ್ಗಿಸಿ ಹೇಳಿದಳು: “ಅಯ್ಯೋ ಮಗಳೇ. ಅದು ಗುಮಾಸ್ತನ ಕೆಮ್ಮು ಕಣೆ. ಮೊದಲ್ನೇ ಲಾರಿ ಬಂದಾಗ ಸೇತುವೆ ಆಚೆ ತಲೇಲಿ ನಿಂತ್ಕೊಂಡು ಒಬ್ಬ ಗುಮಾಸ್ತ ಕಾಗದ ಓದಿ ಹೇಳ್ದನಂತೆ, ಕೇಳಿ ಕಲಿಯೋಕೆ ಊರೂರಿಂದ ಹೆಂಗಸ್ರು ಹೋಗಿದ್ರಂತೆ. ಈ ಜಾಗ ಬಂತು. ಹೆಂಗಸರ ಮುಂದೆ ಬಸಿರು ಗಿಸಿರು ಅನ್ನೋಕೆ ಪಾಪ ಅವ್ನಿಗೆ ನಾಚಿಕೆ. ಕೆಮ್ಮಿ ಮುಂದಕ್ಕೆ ಹೋಗ್ಬಿಟ್ಟ. ನಮ್ಮ ಮುತ್ತಜ್ಜಿ ಸೂಲಗಿತ್ತಿ. ಎಲ್ಲಾರೂ ಹೋದ್ಮೇಲೆ ಅವನ ಕಿವಿ ಹಿಡಿದು, ನುಂಗಿದ್ಯಲ್ಲ, ಅದನ್ನ ಉಗುಳೋ ಅಂದ್ಲಂತೆ. ನಿಮ್ಮೋರು ಕಾಯ್ಲಿಲ್ವಾ?”

ನಮ್ಮವರು ಕಾದಿರಲಿಲ್ಲ. ನಮ್ಮವರು ಮರ್ಯಾದಸ್ಥರು. ಕೇಳಿದ್ದನ್ನು ಕೇಳಿದ ಹಾಗೇ, ಕೆಮ್ಮನ್ನೂ ಬಿಡದೆ, ಗಿಡ್ಡದ್ದು ಎಷ್ಟು ಉದ್ದದ್ದು ಎಷ್ಟು ಎಂದು ಅಳೆದು ಕಲಿತು ಬಂದಿದ್ದರು. ಒಬ್ಬ ನಾಚಿಕೆಯ ಗುಮಾಸ್ತನ ಗಂಟಲನ್ನು ನಾವು ತಲೆತಲಾಂತರ ಕಾಪಾಡಿಕೊಂಡು ಬಂದಿದ್ದೆವು. ನಾನು ತಿರುಗಿ ನೀಲವ್ವನ ಕಡೆ ನೋಡಿದೆ. ಅವಳ ಕೈ ಇನ್ನೂ ಎದೆಯ ಮೇಲೇ ಇತ್ತು, ಕೆಮ್ಮಿಗೆಂದು ಇಟ್ಟದ್ದು ಇಳಿದಿರಲಿಲ್ಲ. “ನನಗೂ ನಿಲ್ತಾನೇ ಇರ್ಲಿಲ್ಲ ಕಣೆ, ದಾಕ್ಷಿ,” ಎಂದಳು. ಯಾರೊಡನೆಯೂ ಆಡದ ಮಾತನ್ನು ಅಷ್ಟು ಜನ ಗಂಡಸರ ನಡುವೆ ಆಡಿದೆ ಎಂಬ ಪರಿವೆಯೂ ಅವಳಿಗೆ ಇದ್ದಂತೆ ಕಾಣಲಿಲ್ಲ. “ಗಂಡನ್ನ ಹೆತ್ತೋಳು ನನ್ನನ್ನ ಗೊಡ್ಡು ಅಂತಿದ್ಲು. ಬಾಯಿಗೆ ಬಟ್ಟೆ ಕಟ್ಟದೆ ಒಂದು ದಿನಾನೂ ಅಂಗಳಕ್ಕೆ ಹೋದೋಳಲ್ಲ ನಾನು.”

ಗೋದಾಮಿನ ಹಿಂದಿನಿಂದ ಪೀಪಾಯಿ ಉರುಳುವ ಸದ್ದು ಮತ್ತೆ ಬಂತು. ಚಂಪಾ ಅಲ್ಲಿದ್ದಳು. ತಾಳೆಯ ನಡುವೆ ಹಾಳೆ ಎದ್ದು ಹೋಗುವಂತಿಲ್ಲ, ಅಂಥದ್ದು ಹಿಂದೆ ನಡೆದೂ ಇರಲಿಲ್ಲ. ನಾನು ಎದ್ದು ಓಡಿದೆ. “ಏ ದಾಕ್ಷಾಯಿಣಿ, ಇನ್ನೂ ಹನ್ನೆರಡನೇದು ಇದೆ!” ಎಂದು ಹಾಲಪ್ಪನವರು ಕೂಗಿದ್ದು ಕೇಳಿಸಿತು.

ಚಂಪಾ ಅಂಗಳದ ಕೊನೆಯಲ್ಲಿ, ಹುಣಸೆ ನೆರಳಿನಲ್ಲಿ, ಪೀಪಾಯಿಯೊಳಕ್ಕೆ ಮೊಣಕೈವರೆಗೂ ಕೈ ಇಳಿಬಿಟ್ಟು ತಳದ ಜಾಜಿಯನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ಏನೋ ಹಾಡು ಗುನುಗುತ್ತಿದ್ದಳು. ನಾನು ಹೋದವಳೇ ಎರಡೂ ತೋಳು ಹಿಡಿದು ಎಳೆದೆ. ಅವಳು ತತ್ತರಿಸಿ ಪೀಪಾಯಿಗೆ ಒರಗಿ ನಿಂತಳು. ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಕೊಡದಲ್ಲಿದ್ದ ನೀರನ್ನೆಲ್ಲ ಅವಳ ಕೈಮೇಲೆ ಸುರಿದು ಉಜ್ಜತೊಡಗಿದೆ. ನಾಲ್ಕನೆಯ ಭಾಗದಲ್ಲಿ ಹಾಗೇ ಹೇಳಿದೆ, ಬಹಳ ಹೊತ್ತು ನೀರು ಸುರಿಯಿರಿ ಎಂದು. ನನಗೆ ತಿಳಿದಿದ್ದದ್ದು ಅಷ್ಟೇ. “ಅಕ್ಕಾ, ಏನಾಯ್ತು? ನೋವಾಗ್ತಿದೆ, ಬಿಡೇ!” ಎಂದಳು. ನನ್ನ ಮುಖ ನೋಡಿ ಹೆದರಿ, ಬಾಯಿಯ ಒದ್ದೆ ಬಟ್ಟೆಯನ್ನು ಬೆರಳಿಂದ ಮುಟ್ಟಿ ತೋರಿಸಿದಳು. “ಕಟ್ಟಿದ್ದೀನಲ್ಲ, ನೋಡು. ಎರಡು ಮಡಿಕೆ ಮಾಡಿ ಕಟ್ಟಿದ್ದೀನಿ.”

ಅಷ್ಟರಲ್ಲಿ ಎಲ್ಲರೂ ಬಂದರು. ಮುಂದೆ ಹಾಲಪ್ಪನವರು, ಹಿಂದೆ ಗಂಡಸರು, ಅವರ ಹಿಂದೆ ಬೋರಮ್ಮನ ತೋಳು ಹಿಡಿದುಕೊಂಡು ನೀಲವ್ವ. ಕೆಲಸ ನಿಲ್ಲಿಸಿ, ಎಲ್ಲರನ್ನೂ ಅಂಗಳದಿಂದ ಆಚೆ ಕಳಿಸಿ ಎಂದು ನಾನು ಕಿರುಚಿದೆ. ಯಾಕೆ ಎಂದು ಅಂಗಳದ ಹೆಂಗಸರು ಕೇಳಿದರು. ಹಾಲಪ್ಪನವರು ನನ್ನ ಕಡೆ ತಿರುಗಿ, “ಹಾಳೆ ಹೇಳಬೇಕಮ್ಮ. ಬಿಡಿ ಮಾತು ಲೆಕ್ಕಕ್ಕಿಲ್ಲ, ಕ್ರಮ ನಿನಗೇ ಗೊತ್ತು. ಮೊದಲಿಂದ ಹೇಳು,” ಎಂದರು. ಕೆಟ್ಟವರಲ್ಲ ಅವರು, ಮುಖ ಬಿಳಿಚಿಕೊಂಡಿತ್ತು. ಆದರೆ ಕ್ರಮ ಬಿಟ್ಟು ನಡೆಯುವುದು ಅವರಿಗೆ ತಿಳಿಯದು. ನನಗೂ ತಿಳಿಯದು. ಹಾಗಾಗಿ ತಂಗಿಯ ಕೈ ಹಿಡಿದುಕೊಂಡೇ ಒಂದರಿಂದ ಶುರು ಮಾಡಿದೆ. ನನ್ನ ಹೆಸರು, ನನ್ನ ಬಣ್ಣ, ನನ್ನ ವಾಸನೆ, ನನ್ನನ್ನು ಎಲ್ಲಿಡಬೇಕು. ಹಾಳೆ ಇಷ್ಟು ಉದ್ದ ಎಂದು ನನಗೆ ಯಾವತ್ತೂ ಅನಿಸಿರಲಿಲ್ಲ. ಏಳರಲ್ಲಿ ಒಂದು ಮಾತು ಬಿಟ್ಟುಹೋಗಿ ಮತ್ತೆ ಹಿಂದಕ್ಕೆ ಹೋಗಬೇಕಾಯಿತು. ಚಂಪಾ ಬಿಟ್ಟ ಕಣ್ಣು ಬಿಟ್ಟ ಹಾಗೇ ನಿಂತಿದ್ದಳು.

ಹನ್ನೊಂದು ಬಂತು. “ಬಹುಕಾಲ ನನ್ನ ಒಡನಾಟವಿದ್ದರೆ,” ಎಂದು ಉಸಿರೆಳೆದುಕೊಂಡು, ಬೋರಮ್ಮ ಹೇಳಿದ್ದನ್ನು ಹೇಳಲು ಬಾಯಿ ತೆರೆದೆ. ಗಂಡಸರೆಲ್ಲ ತಲೆ ತಗ್ಗಿಸಿ ಕೆಮ್ಮಿದರು. ಗಿಡ್ಡದೊಂದು, ಉದ್ದದೊಂದು. ನನ್ನ ಮಾತು ಅದರೊಳಗೆ ಮುಳುಗಿಹೋಯಿತು. ಮತ್ತೆ ಹೇಳಿದೆ. ಮತ್ತೆ ಕೆಮ್ಮಿದರು. ತೂಕದ ಕಟ್ಟೆಯ ಬಳಿ ಬೋರಮ್ಮನ ಮಾತನ್ನು ಕಿವಿಯಾರೆ ಕೇಳಿದವರೇ ಅವರು. ಆದರೂ ಆ ಜಾಗ ಬಂದೊಡನೆ ತಲೆ ತಾನಾಗಿ ತಗ್ಗುತ್ತಿತ್ತು, ಗಂಟಲು ತಾನಾಗಿ ಕೆಮ್ಮುತ್ತಿತ್ತು. ಮುಚ್ಚಿಡಬೇಕೆಂದಲ್ಲ, ಗೌರವಕ್ಕೆ. ನನಗೆ ಅವರ ಮೇಲೆ ಎಂಥ ಸಿಟ್ಟು ಬಂತೆಂದರೆ, ಬರಿಗೈಯಲ್ಲಿ ಒಬ್ಬೊಬ್ಬರ ಕತ್ತು ಹಿಸುಕಿಬಿಡಬೇಕು ಅನ್ನಿಸಿತು.

“ಮುಚ್ರೋ ಬಾಯಿ!” ಎಂದೆ. ಇಂಥ ಮಾತು ಹದಿನಾರು ಭಾಗಗಳಲ್ಲಿ ಎಲ್ಲೂ ಇಲ್ಲ. ಬಸಲಿಂಗಪ್ಪನವರ ಕೈಯಿಂದ ಕೊಡೆ ಬಿತ್ತು. ಕೆಮ್ಮು ನಿಂತಿತು. ನಾನು ಹನ್ನೊಂದನ್ನು ಹೇಳಿದೆ. ಕೂಸು, ಬಸಿರು, ಬೀಜ, ಕೈಯ ಚರ್ಮ, ಒಂದನ್ನೂ ಬಿಡಲಿಲ್ಲ. ‘ಆದ್ದರಿಂದ ಎಚ್ಚರ’ ಎನ್ನುವಾಗ ನನ್ನ ದನಿಯ ಜೊತೆ ಇನ್ನೊಂದು ದನಿ ಸೇರಿತು. ಬೋರಮ್ಮನದಲ್ಲ, ನೀಲವ್ವನದು.

ಯಾರೂ ಅಳಲಿಲ್ಲ, ಅಳುವಷ್ಟು ಅರ್ಥವಾಗಲು ಇನ್ನೂ ಹೊತ್ತಿತ್ತು. ಅಂಗಳದ ಹಿರಿಯಳು ತಿಪ್ಪಕ್ಕ ಬಾಯಿಯ ಬಟ್ಟೆ ಬಿಚ್ಚಿ, ಅದನ್ನು ಮೊದಲ ಸಲ ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಮೊಳೆಗೆ ನೇತುಹಾಕಿದ್ದ ಕೈಗವಸುಗಳನ್ನು ನೋಡಿದಳು. ಅವುಗಳ ಮೇಲೆ ಜೇಡ ಬಲೆ ಕಟ್ಟಿತ್ತು. ಹಾಲಪ್ಪನವರು ಏನೋ ಹೇಳಲು ಹೊರಟು, “ನಾನೇ... ಬಸುರಿಯರನ್ನ ನಾನೇ ಇಲ್ಲಿಗೆ...” ಎಂದು ಅಲ್ಲೇ ಕುಕ್ಕರಿಸಿ ಕೂತುಬಿಟ್ಟರು. ಅವರ ಸೊಸೆ ಕಳೆದ ಬೇಸಿಗೆಯವರೆಗೂ ಇದೇ ಅಂಗಳದಲ್ಲಿದ್ದಳು.

ಚಂಪಾ ಏನನ್ನೂ ನೋಡುತ್ತಿರಲಿಲ್ಲ, ನನ್ನನ್ನು ಮಾತ್ರ ನೋಡುತ್ತಿದ್ದಳು. “ಹಾಗಾದ್ರೆ ಅವೆರಡೂ...” ಎಂದಳು. ನಾನು ಹೌದೆಂದು ತಲೆಯಾಡಿಸಿದೆ. ಬಟ್ಟೆಯ ಹಿಂದೆ ಅವಳ ತುಟಿ ನನಗೆ ಕಾಣಿಸಲಿಲ್ಲ, ಬಟ್ಟೆ ನಡುಗಿದ್ದು ಕಾಣಿಸಿತು. “ಅಕ್ಕಾ, ಇದು?” ಎಂದು ಕೇಳಿದಳು. “ಇದು ಉಳಿಯುತ್ತಾ?”

ಹದಿನಾರು ಭಾಗಗಳನ್ನು ನಾನು ಮನಸ್ಸಿನಲ್ಲೇ ಒಂದು ಸಲ ಓಡಿಸಿದೆ. ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ತಪ್ಪದೆ ಹೇಳುವವಳು ನಾನು. ಎಲ್ಲೂ ಇರಲಿಲ್ಲ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು, ಬೋರಮ್ಮ ಕೂಡ. ಗಂಟಲಲ್ಲಿ ಕೆಮ್ಮು ಬಂತು. ಗಿಡ್ಡದ್ದು, ಅದರ ಹಿಂದೆಯೇ ಉದ್ದದ್ದು. ಕೈ ಎದೆಗೆ ಹೋಗಿಯೂ ಬಿಟ್ಟಿತ್ತು. ಆ ಗುಮಾಸ್ತನಿಗೆ ಹೇಗಾಗಿತ್ತು ಎಂದು ಆಗ ನನಗೆ ಗೊತ್ತಾಯಿತು. ಕೆಮ್ಮನ್ನು ನುಂಗಿ, ಕೈ ಇಳಿಸಿ, “ಗೊತ್ತಿಲ್ಲ ಕಣೆ ಚಂಪಾ,” ಎಂದೆ.

ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಳ್ಳಲು ಹೋದಳು. ಅರ್ಧದಲ್ಲಿ ತಡೆದು, ಆ ಒದ್ದೆ ಕೈಗಳನ್ನು ಮೈಗೆ ತಾಗದಂತೆ ದೂರಕ್ಕೆ ಹಿಡಿದುಕೊಂಡು ನಿಂತಳು.